ಫೈರ್ ಸ್ಟೇಷನ್ ಕೆಲಸದಲ್ಲಿ ಗಾಯವಾದರೆ ರಜೆ, ಸಂಬಳ, ಪರಿಹಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ಕೂತು ರಜೆ, ಪಿಂಚಣಿ ಫೈಲುಗಳನ್ನು ನೋಡಿಕೊಂಡು ನಿವೃತ್ತನಾದವನು ನಾನು. ದಾವಣಗೆರೆ, ಚಿತ್ರದುರ್ಗ ಕಡೆಯ ಅಗ್ನಿಶಾಮಕ ಸಿಬ್ಬಂದಿ, ಅವರ ಮನೆಯವರು ಟೀ ಅಂಗಡಿಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಸಾಕು.

## ಗಾಯವಾದ ದಿನ, ಅದರ ಮರುದಿನ

ಬೆಂಕಿ ಬಿದ್ದಿದೆ ಅಂತ ಕಾಲ್ ಬಂದು ಹೋದಾಗ ಕೈ ಸುಟ್ಟಿದೆ ಸರ್. ಆಸ್ಪತ್ರೆಗೆ ಹೋಗ್ತೀನಿ, ಅದು ಬಿಟ್ಟು ಇನ್ನೇನು ಮಾಡಬೇಕು?

ಬರೆಸಬೇಕು. ಅದೇ ದಿನ, ಎರಡು ಕಡೆ.

ಒಂದು, ಠಾಣೆಯ ಡೈರಿ ಮತ್ತು ಆ ಕಾಲ್‌ನ ವರದಿ. ಅಲ್ಲಿ "ಸಿಬ್ಬಂದಿಗೆ ಸಣ್ಣಪುಟ್ಟ ಗಾಯ" ಅಂತ ಬರೆದರೆ ಮುಂದೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಹೆಸರು, ಗಂಟೆ, ಜಾಗ, ಮಾಡುತ್ತಿದ್ದ ಕೆಲಸ, ಪೆಟ್ಟು ಬಿದ್ದ ಅಂಗ, ಐದೂ ಇರಬೇಕು. ಹೀಗೆ: "ರಾತ್ರಿ 2.40ಕ್ಕೆ ಮೆಕ್ಕೆಜೋಳದ ಗೋದಾಮಿನ ಉತ್ತರದ ಬಾಗಿಲಲ್ಲಿ ಬ್ರಾಂಚ್ (ಹೋಸಿನ ತುದಿಯ ನಳಿಗೆ) ಹಿಡಿದು ನೀರು ಹೊಡೆಯುತ್ತಿದ್ದಾಗ ಮೇಲಿನ ತಗಡಿನ ಶೀಟ್ ಕುಸಿದು ಬಲ ಮುಂಗೈ ಸುಟ್ಟಿದೆ, ಹೆಬ್ಬೆರಳಿಗೆ ಪೆಟ್ಟಾಗಿದೆ." ಜೊತೆಗಿದ್ದ ಇಬ್ಬರ ಹೆಸರೂ ಅಲ್ಲೇ ಇರಲಿ.

ಎರಡು, ಆಸ್ಪತ್ರೆಯ ಚೀಟಿ. ಕ್ಯಾಶುವಾಲ್ಟಿಯಲ್ಲಿ ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಮೆಡಿಕೋ-ಲೀಗಲ್ ದಾಖಲೆ) ಮಾಡಿಸಿ. ಗಾಯ ಹೇಗಾಯಿತು ಅಂತ ಡಾಕ್ಟರ್ ಕೇಳುತ್ತಾರಲ್ಲ, ಆಗ "ಕೆಲಸದಲ್ಲಿ ಆಯ್ತು" ಅಂತ ಹೇಳಿ ಸುಮ್ಮನಾಗಬೇಡಿ. "ಅಗ್ನಿಶಾಮಕ ಡ್ಯೂಟಿಯಲ್ಲಿ, ಬೆಂಕಿ ನಂದಿಸುವಾಗ" ಅಂತ ಹೇಳಿ, ಕೇಸ್ ಶೀಟ್‌ನಲ್ಲಿ ಹಾಗೇ ಬರೆದಿದ್ದಾರಾ ಅಂತ ಬಗ್ಗಿ ನೋಡಿ. ನಾನು ನೋಡಿದ ಒಂದು ಫೈಲಿನಲ್ಲಿ ಬಾವಿಗೆ ಇಳಿದು ಕಾಲು ಮುರಿದುಕೊಂಡವರ ಚೀಟಿಯಲ್ಲಿ "ಮೇಲಿನಿಂದ ಬಿದ್ದು ಗಾಯ" ಅಂತಷ್ಟೇ ಇತ್ತು. ಎಲ್ಲಿಂದ, ಯಾಕೆ, ಯಾವಾಗ, ಏನೂ ಇಲ್ಲ. ಆ ಒಂದು ಸಾಲಿಗಾಗಿ ಫೈಲು ತಿಂಗಳುಗಟ್ಟಲೆ ಹಿಂದಕ್ಕೂ ಮುಂದಕ್ಕೂ ಓಡಾಡಿತು.

ಗಾಯ ಜೋರಾಗಿದ್ದರೆ ಈ ಕೆಲಸ ಜೊತೆಯವರದು. ಅವರಿಗೆ ಮೊದಲೇ ಹೇಳಿಟ್ಟಿರಿ.

ಮನೇಲಿ ಮಲಗಿದ್ರೆ ಸಂಬಳ ನಿಂತು ಹೋಗುತ್ತಾ?

ಖಾಯಂ ನೌಕರರಾದರೆ ನಿಲ್ಲಬಾರದು. ಕರ್ನಾಟಕ ಸಿವಿಲ್ ಸೇವಾ ನಿಯಮಗಳಲ್ಲಿ, ಅಂದರೆ ನಾವೆಲ್ಲ ಕೆಸಿಎಸ್‌ಆರ್ ಅನ್ನುವ ಪುಸ್ತಕದಲ್ಲಿ, ಇದಕ್ಕೆಂದೇ ಒಂದು ರಜೆ ಇದೆ. ಕಚೇರಿಯಲ್ಲಿ ಅದನ್ನು ಸ್ಪೆಷಲ್ ಡಿಸಬಿಲಿಟಿ ಲೀವ್, ಅಂದರೆ ಗಾಯದ ವಿಶೇಷ ರಜೆ, ಅನ್ನುತ್ತಾರೆ. ಡ್ಯೂಟಿ ಮಾಡುವಾಗ ಅಥವಾ ಡ್ಯೂಟಿಯ ಕಾರಣಕ್ಕೆ ಗಾಯವಾಗಿ ಕೆಲಸ ಮಾಡಲಾಗದ ಸ್ಥಿತಿ ಬಂದವರಿಗೆ ಇದು.

ಒಂದು ಗಾಯಕ್ಕೆ ಗರಿಷ್ಠ 24 ತಿಂಗಳು. ಎಷ್ಟು ದಿನ ಬೇಕು ಅನ್ನುವುದನ್ನು ವೈದ್ಯಕೀಯ ಪ್ರಮಾಣಪತ್ರ ಹೇಳಬೇಕು. ಮೊದಲ ಸುಮಾರು ನಾಲ್ಕು ತಿಂಗಳು ಗಳಿಕೆ ರಜೆಯಲ್ಲಿ (ಇಎಲ್) ಬರುವಷ್ಟೇ ಸಂಬಳ, ಅಂದರೆ ಪೂರ್ತಿ. ಆಮೇಲೆ ಅರ್ಧ ವೇತನ. ಪಿಂಚಣಿ ಲೆಕ್ಕಕ್ಕೆ ಈ ಅವಧಿ ಸೇವೆ ಅಂತಲೇ ಸೇರುತ್ತದೆ.

ಆಫೀಸಲ್ಲಿ "ಸುಮ್ನೆ ಇಎಲ್ ಹಾಕು, ಬೇಗ ಆಗುತ್ತೆ" ಅಂತಾರೆ. ಹಾಕಿದ್ರೆ ನಷ್ಟ ಏನು?

ಬೇಗ ಆಗುತ್ತದೆ, ನಿಜ. ಗಳಿಕೆ ರಜೆ ಇಲ್ಲೇ ಮಂಜೂರಾಗುತ್ತದೆ. ವಿಶೇಷ ರಜೆಯ ಫೈಲು ಠಾಣೆಯಿಂದ ಜಿಲ್ಲಾ ಅಗ್ನಿಶಾಮಕ ಅಧಿಕಾರಿಗೆ, ಅಲ್ಲಿಂದ ಮೇಲೆ ಬೆಂಗಳೂರಿನ ತನಕ ಹೋಗಬೇಕು. ಶಾಖೆಯವರಿಗೂ ಅದು ತಲೆನೋವು, ಅದಕ್ಕೇ ಈ ಸಲಹೆ.

ನಷ್ಟ ನಿಮ್ಮದು. ಗಳಿಕೆ ರಜೆ ವರ್ಷಕ್ಕೆ 30 ದಿನ ಜಮೆಯಾಗುತ್ತದೆ, 300 ದಿನದವರೆಗೆ ಕೂಡಿಡಬಹುದು, ನಿವೃತ್ತಿಯ ದಿನ ಉಳಿದದ್ದು ನಗದಾಗುತ್ತದೆ. ಇಂದು ಗಾಯಕ್ಕೆ 90 ದಿನ ಕೊಟ್ಟರೆ ನಿವೃತ್ತಿಯಲ್ಲಿ ಮೂರು ತಿಂಗಳ ಸಂಬಳ ಕೈಬಿಟ್ಟ ಹಾಗೆ. ಅದೂ ಆ ದಿನದ ಸಂಬಳದ ದರದಲ್ಲಿ. ಸರ್ಕಾರದ ಕೆಲಸಕ್ಕೆ ಕೈ ಸುಟ್ಟುಕೊಂಡು, ಸ್ವಂತ ಉಳಿತಾಯದಿಂದ ರಜೆ ತೆಗೆದುಕೊಳ್ಳುವುದು ಯಾವ ನ್ಯಾಯ, ಅಲ್ವಾ?

ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು. ಗಳಿಕೆ ರಜೆ ಹಾಕಿದರೆ ಸೇವಾ ಪುಸ್ತಕದಲ್ಲಿ ಡ್ಯೂಟಿ ಗಾಯ ಅನ್ನುವ ಗುರುತೇ ಇರುವುದಿಲ್ಲ. ಐದು ವರ್ಷದ ಮೇಲೆ ಅದೇ ಕೈ ಕೈಕೊಟ್ಟರೆ ತೋರಿಸಲು ಏನಿದೆ?

ತಿಂಗಳ ಸಂಬಳ ತಡೆಯಾಗುತ್ತದೆ ಅನ್ನುವ ಭಯ ಇದ್ದರೆ ಒಂದು ದಾರಿ ಇದೆ. ಸದ್ಯಕ್ಕೆ ಗಳಿಕೆ ರಜೆ ಕೊಡಿ, ಆದರೆ ಅದೇ ಅರ್ಜಿಯಲ್ಲಿ "ಇದು ಕರ್ತವ್ಯದ ಗಾಯ. ವಿಶೇಷ ರಜೆಯ ಪ್ರಸ್ತಾವನೆ ಸಲ್ಲಿಸಿದ್ದೇನೆ. ಅದು ಮಂಜೂರಾದ ಮೇಲೆ ಈ ರಜೆಯನ್ನು ಅದಕ್ಕೆ ಬದಲಾಯಿಸಿ ನನ್ನ ಖಾತೆಗೆ ವಾಪಸ್ ಜಮೆ ಮಾಡಬೇಕು" ಅಂತ ಬರೆಯಿರಿ. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಆಸ್ಪತ್ರೆ ಬಿಲ್ ಯಾರು ಕಟ್ಟೋದು?

ರಾಜ್ಯ ಸರ್ಕಾರಿ ನೌಕರರಿಗೆ 1963ರ ವೈದ್ಯಕೀಯ ಉಪಚಾರ ನಿಯಮಗಳ ಪ್ರಕಾರ ಖರ್ಚು ಮರುಪಾವತಿ ಆಗುತ್ತದೆ. ನಗದುರಹಿತ ಚಿಕಿತ್ಸೆಗೆ ಮೊದಲು ಜ್ಯೋತಿ ಸಂಜೀವಿನಿ ಇತ್ತು. ಸುಟ್ಟ ಗಾಯ ಮತ್ತು ಪಾಲಿಟ್ರಾಮಾ (ಒಟ್ಟಿಗೆ ಹಲವು ಕಡೆ ಆದ ಜೋರು ಗಾಯ) ಅದರ ಪಟ್ಟಿಯಲ್ಲೇ ಇದ್ದವು. 2025ರ ಅಕ್ಟೋಬರ್‌ನಿಂದ ಕರ್ನಾಟಕ ಆರೋಗ್ಯ ಸಂಜೀವಿನಿ ಜಾರಿಗೆ ಬಂದಿದೆ. ಆಸ್ಪತ್ರೆ ಆ ಯೋಜನೆಯಲ್ಲಿ ನೋಂದಾಯಿಸಿದೆಯೇ ಅನ್ನುವುದನ್ನು ದಾಖಲಾಗುವಾಗಲೇ ಕೇಳಿ, ಬಿಲ್ ಬಂದ ಮೇಲೆ ಅಲ್ಲ. ಹೊರಗಿನ ಮೆಡಿಕಲ್‌ನಲ್ಲಿ ಕೊಂಡ ಔಷಧಿಯ ಚೀಟಿಯನ್ನೂ ಇಟ್ಟುಕೊಳ್ಳಿ.

ಬೆಂಕಿನೇ ಇರಲಿಲ್ಲ. ಡ್ರಿಲ್ ಮಾಡುವಾಗ ಏಣಿಯಿಂದ ಬಿದ್ದೆ. ಇದೂ ಡ್ಯೂಟಿ ಗಾಯವಾ?

ಹೌದು. ಡ್ರಿಲ್, ಗಾಡಿ ತೊಳೆಯುವುದು, ಹೋಸ್ ಒಣಗಿಸುವುದು, ಜಾತ್ರೆಯ ಬಂದೋಬಸ್ತ್, ಶಾಲೆಯಲ್ಲಿ ಪ್ರಾತ್ಯಕ್ಷಿಕೆ, ಏಪ್ರಿಲ್ 14ರಿಂದ ನಡೆಯುವ ಅಗ್ನಿಶಾಮಕ ಸೇವಾ ಸಪ್ತಾಹದ ಕಾರ್ಯಕ್ರಮ, ಎಲ್ಲ ಡ್ಯೂಟಿಯೇ. ಬಾವಿಗೆ ಬಿದ್ದ ಎಮ್ಮೆ ಎತ್ತಲು ಹೋದರೂ ಡ್ಯೂಟಿಯೇ. ಡ್ಯೂಟಿ ರೋಸ್ಟರ್‌ನಲ್ಲಿ ಅಥವಾ ಆದೇಶದಲ್ಲಿ ನಿಮ್ಮ ಹೆಸರು ಇರಬೇಕು, ಅಷ್ಟೇ. ಬಾಯಿಮಾತಿನಲ್ಲಿ ಕಳಿಸಿದ್ದರೆ ವಾಪಸ್ ಬಂದ ಮೇಲಾದರೂ ಡೈರಿಗೆ ಹಾಕಿಸಿ.

## ಸ್ವಲ್ಪ ತೊಡಕಿನ ಪ್ರಶ್ನೆಗಳು

ಹತ್ತಿ ಜಿನ್ನಿಂಗ್ ಮಿಲ್ ಬೆಂಕೀಲಿ ಹೊಗೆ ಕುಡಿದೆ. ಆವತ್ತು ಏನೂ ಆಗಲಿಲ್ಲ, ಎರಡು ತಿಂಗಳಾದ ಮೇಲೆ ಉಸಿರು ಕಟ್ಟೋಕೆ ಶುರುವಾಯ್ತು. ಈಗ ಕೇಳಬಹುದಾ?

ಕೇಳಬಹುದು, ಆದರೆ ಕೂಡಲೇ ಕೇಳಿ. ವಿಶೇಷ ರಜೆಯ ನಿಯಮದಲ್ಲಿ ಒಂದು ಗಡುವಿದೆ: ಘಟನೆ ನಡೆದ ಮೂರು ತಿಂಗಳೊಳಗೆ ತೊಂದರೆ ಕಾಣಿಸಿಕೊಂಡಿರಬೇಕು, ಮತ್ತು ಕಾಣಿಸಿದ ಕೂಡಲೇ ನೀವು ತಿಳಿಸಿರಬೇಕು. ಕಾರಣ ಸರಿಯಿದ್ದರೆ ಮೂರು ತಿಂಗಳ ಗಡುವನ್ನು ಸಡಿಲಿಸುವ ಅವಕಾಶ ಮಂಜೂರು ಮಾಡುವವರಿಗೆ ಇದೆ. ಹಾಗಂತ ಅದನ್ನೇ ನಂಬಿ ಕೂರಬೇಡಿ.

ಹತ್ತಿ ಬೆಂಕಿ ಗೊತ್ತಿದ್ದವರಿಗೆ ಇದು ವಿವರಿಸಬೇಕಿಲ್ಲ. ಜ್ವಾಲೆ ಹತ್ತು ನಿಮಿಷದಲ್ಲಿ ಅಡಗುತ್ತದೆ, ಒಳಗಿನ ಬೇಲು (ಒತ್ತಿ ಕಟ್ಟಿದ ಹತ್ತಿಯ ಮೂಟೆ) ಎರಡು ದಿನ ಹೊಗೆಯಾಡುತ್ತದೆ. ಜ್ವಾಲೆ ಇದ್ದಾಗ ಬಿ.ಎ. ಸೆಟ್ (ಉಸಿರಾಟಕ್ಕೆ ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರ್) ಹಾಕಿಕೊಳ್ಳುವವರು ಬೇಲು ಬಿಡಿಸುವಾಗ ಮೂಗಿಗೆ ಕರ್ಚೀಫು ಕಟ್ಟಿಕೊಂಡು ನಿಲ್ಲುತ್ತಾರೆ. ಹುಲ್ಲಿನ ಬಣವೆಯದೂ ಇದೇ ಕಥೆ. ಜೋಗಿಮಟ್ಟಿ ಕಡೆ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ಸೊಪ್ಪು ಹಿಡಿದು ಬಡಿಯುವಾಗಲೂ ಅಷ್ಟೇ.

ಹಾಗಾಗಿ ನನ್ನ ಸಲಹೆ: ದೊಡ್ಡ ಹೊಗೆಯ ಕಾಲ್‌ಗೆ ಹೋಗಿ ಬಂದ ಪ್ರತಿ ಸಲವೂ "ಹೊಗೆಯಲ್ಲಿ ಇಷ್ಟು ಹೊತ್ತು ಕೆಲಸ ಮಾಡಿದ್ದೇವೆ" ಅಂತ ವರದಿಯಲ್ಲಿ ಒಂದು ಸಾಲು ಇರಲಿ, ಆರೋಗ್ಯವಾಗಿದ್ದರೂ ಕೂಡ. ಕಾಯಿಲೆಯ ಕೇಸಿನಲ್ಲಿ, ಆ ನಿರ್ದಿಷ್ಟ ಕೆಲಸ ಮಾಮೂಲಿಗಿಂತ ಹೆಚ್ಚು ಅಪಾಯ ತಂದಿತ್ತು ಅಂತ ತೋರಿಸಬೇಕಾಗುತ್ತದೆ. ಆ ಸಾಲು ಆಗ ಕೆಲಸಕ್ಕೆ ಬರುತ್ತದೆ. ಡಾಕ್ಟರ್ ಹತ್ತಿರ ಹೋದಾಗ ಹಳೆಯ ಕಾಲ್‌ನ ತಾರೀಖು ಹೇಳಿ, ಚೀಟಿಯಲ್ಲಿ ಬರೆಸಿ. ಬೀಡಿ ಸಿಗರೇಟು ಸೇದುವವರಾದರೆ ಆ ಪ್ರಶ್ನೆ ಬಂದೇ ಬರುತ್ತದೆ, ಮುಚ್ಚಿಡಬೇಡಿ.

ನೈಟ್ ಡ್ಯೂಟಿಗೆ ಬರ್ತಾ ಪಿ.ಬಿ. ರೋಡಲ್ಲಿ ಬೈಕ್ ಸ್ಕಿಡ್ ಆಯ್ತು. ಸ್ಟೇಷನ್ ಮುಟ್ಟಿರಲಿಲ್ಲ. ನನಗೇನೂ ಇಲ್ವಾ?

ಮೊದಲಾದರೆ "ದಾರಿಯಲ್ಲಿ ಆದದ್ದು ಡ್ಯೂಟಿ ಅಲ್ಲ" ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬದಲಾಯಿಸಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ ಬೆಳಗಿನ ಜಾವದ ಪಾಳಿಗೆ ಹೋಗುವಾಗ ರಸ್ತೆಯಲ್ಲಿ ತೀರಿಕೊಂಡಿದ್ದರು. ಮನೆಯಿಂದ ಕೆಲಸದ ಜಾಗಕ್ಕೆ ಹೋಗುವಾಗ ಅಥವಾ ವಾಪಸ್ ಬರುವಾಗ ಆದ ಅಪಘಾತಕ್ಕೂ, ಸಮಯ, ಜಾಗ, ಸಂದರ್ಭ ನೋಡಿದರೆ ಕೆಲಸಕ್ಕೆ ನಂಟು ಕಾಣುವಂತಿದ್ದರೆ, 1923ರ ಪರಿಹಾರ ಕಾಯ್ದೆ (ಕೆಲಸದಲ್ಲಿ ಗಾಯವಾದರೆ ಕೆಲಸ ಕೊಟ್ಟವರು ಹಣ ಕೊಡಬೇಕು ಅನ್ನುವ ಕಾನೂನು) ಅನ್ವಯಿಸುತ್ತದೆ ಅಂತ ಕೋರ್ಟ್ ಹೇಳಿತು.

ರೋಸ್ಟರ್‌ನಲ್ಲಿ ನಿಮ್ಮ ಪಾಳಿ ಎಷ್ಟು ಗಂಟೆಗೆ, ಅಪಘಾತ ಎಷ್ಟು ಗಂಟೆಗೆ, ಅದು ಮನೆಯಿಂದ ಠಾಣೆಗೆ ಬರುವ ಮಾಮೂಲಿ ದಾರಿಯೇ, ಈ ಮೂರು ಹೊಂದಬೇಕು. ಮಧ್ಯೆ ನೆಂಟರ ಮನೆಗೆ ತಿರುಗಿದ್ದರೆ ಕಷ್ಟ.

ಕಾಲ್‌ಗೆ ಹೋಗ್ತಾ ಹೈವೇಲಿ ನಮ್ಮ ಗಾಡಿಗೇ ಲಾರಿ ಗುದ್ದಿತು. ಯಾವ ಕಾನೂನಲ್ಲಿ ಹೋಗೋದು?

ಎರಡು ದಾರಿ: ಮೋಟಾರು ವಾಹನ ಕಾಯ್ದೆಯಡಿ ಅಪಘಾತ ಪರಿಹಾರ ನ್ಯಾಯಮಂಡಳಿ, ಅಥವಾ ಕೆಲಸಗಾರರ ಪರಿಹಾರದ ಕಾನೂನು. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು, ಎರಡೂ ಕಡೆ ತೆಗೆದುಕೊಳ್ಳಲು ಬರುವುದಿಲ್ಲ.

ತಪ್ಪು ಲಾರಿಯದೇ ಅಂತ ಸಾಬೀತು ಮಾಡಲು ಸಾಧ್ಯವಿದ್ದರೆ ಸಾಮಾನ್ಯವಾಗಿ ಮೋಟಾರು ನ್ಯಾಯಮಂಡಳಿಯಲ್ಲಿ ಜಾಸ್ತಿ ಬರುತ್ತದೆ. ಅಲ್ಲಿ ನಿಜವಾದ ಸಂಬಳವನ್ನು ಹಿಡಿಯುತ್ತಾರೆ, ಪರಿಹಾರ ಕಾಯ್ದೆಯಲ್ಲಿದ್ದ ಹಾಗೆ ಸಂಬಳಕ್ಕೆ ಮಿತಿ ಇಲ್ಲ. ತಪ್ಪು ಯಾರದು ಅಂತ ಹೇಳಲಾಗದಿದ್ದರೆ, ಗಾಡಿ ತಾನೇ ಪಲ್ಟಿಯಾಗಿದ್ದರೆ, ಪರಿಹಾರ ಕಾನೂನು ಸುಲಭ. ಅಲ್ಲಿ ಯಾರ ತಪ್ಪೂ ಸಾಬೀತಾಗಬೇಕಿಲ್ಲ. ಮೋಟಾರು ಕಾಯ್ದೆಯ ಅರ್ಜಿಗೆ ಆರು ತಿಂಗಳ ಗಡುವು ಇದೆ, ಮರೆಯಬೇಡಿ. ಸರ್ಕಾರಿ ವಾಹನಗಳ ವಿಮೆ ಕೆಜಿಐಡಿಯ, ಅಂದರೆ ರಾಜ್ಯದ ಸರ್ಕಾರಿ ವಿಮಾ ಇಲಾಖೆಯ, ಮೋಟಾರು ಶಾಖೆಯಲ್ಲಿ ಇರುತ್ತದೆ. ಗಾಡಿಯ ಪಾಲಿಸಿ ನಂಬರನ್ನು ಠಾಣೆಯಲ್ಲೇ ಕೇಳಿ ಪಡೆಯಿರಿ.

ನಾನು ಸರ್ಕಾರಿ ನೌಕರ. ಕಾರ್ಮಿಕರ ಪರಿಹಾರ ಕಾಯ್ದೆ ಫ್ಯಾಕ್ಟರಿಯವರಿಗೆ ಅಲ್ವಾ?

ಬಹಳ ಜನ ಹೀಗೇ ತಿಳಿದಿದ್ದಾರೆ, ಕೆಲವು ಅಧಿಕಾರಿಗಳೂ ಸೇರಿ. 1923ರ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಯಾವ್ಯಾವ ಕೆಲಸದವರು ಬರುತ್ತಾರೆ ಅನ್ನುವ ಪಟ್ಟಿ ಇದೆ. ಅದರಲ್ಲಿ "ಯಾವುದೇ ಅಗ್ನಿಶಾಮಕ ದಳದ ಸೇವೆಯಲ್ಲಿರುವವರು" ಅಂತ ಬೇರೆಯಾಗಿಯೇ ಬರೆದಿದೆ. ಖಾಸಗಿ ದಳ ಮಾತ್ರ ಅಂತ ಅಲ್ಲಿ ಇಲ್ಲ.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ 2020 ಬಂದಿದೆ. ಅಪಘಾತ ಆ ದಿನಕ್ಕಿಂತ ಹಿಂದಿನದಾದರೆ ಹಳೆಯ ಕಾಯ್ದೆಯ ಲೆಕ್ಕ, ಆಮೇಲಿನದಾದರೆ ಹೊಸದು. ವಕೀಲರ ಹತ್ತಿರ ಹೋಗುವಾಗ ಅಪಘಾತದ ತಾರೀಖನ್ನು ಮೊದಲು ಹೇಳಿ.

ಗಾಯದ ರಜೆಯ ಪೂರ್ತಿ ಸಂಬಳವನ್ನೂ, ಅದೇ ದಿನಗಳಿಗೆ ಕಾಯ್ದೆಯ ಅರ್ಧಮಾಸಿಕ (ಅರ್ಧ ತಿಂಗಳಿಗೊಮ್ಮೆ ಕೊಡುವ) ಹಣವನ್ನೂ ಒಟ್ಟಿಗೆ ಕೊಡುವುದಿಲ್ಲ. ಒಂದರಲ್ಲಿ ಇನ್ನೊಂದನ್ನು ಕಳೆಯುತ್ತಾರೆ. ನಿಮಗೆ ನಿಜವಾಗಿ ಮುಖ್ಯವಾದದ್ದು ಶಾಶ್ವತ ಊನಕ್ಕೆ ಅಥವಾ ಸಾವಿಗೆ ಬರುವ ಇಡಿಗಂಟು.

ಹೆಬ್ಬೆರಳು ಹೋಗಿದೆ. ಎಷ್ಟು ಬರುತ್ತೆ, ಲೆಕ್ಕ ಬಿಡಿಸಿ ಹೇಳಿ.

2024ರಲ್ಲಿ ಆದ ಅಪಘಾತ, ವಯಸ್ಸು 40 ಅಂತ ಇಟ್ಟುಕೊಳ್ಳೋಣ. ನಿಮ್ಮ ಸಂಬಳ ಎಷ್ಟೇ ಇರಲಿ, ಹಳೆಯ ಕಾಯ್ದೆಯಲ್ಲಿ ತಿಂಗಳಿಗೆ 15,000 ರೂಪಾಯಿಗಿಂತ ಹೆಚ್ಚು ಹಿಡಿಯುವುದಿಲ್ಲ. 2020ರ ಜನವರಿಯಿಂದ ಈ ಮಿತಿ ಬಂತು, ಅದಕ್ಕೂ ಮೊದಲು 8,000 ಇತ್ತು. ಪೂರ್ಣ ಶಾಶ್ವತ ಊನಕ್ಕೆ ಸಂಬಳದ ಶೇ 60, ಅಂದರೆ 9,000. ಇದನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. 40ನೇ ವಯಸ್ಸಿಗೆ ಗುಣಕ 184.17. ಗುಣಿಸಿದರೆ 16,57,530 ರೂಪಾಯಿ.

ಪೂರ್ತಿ ಹೆಬ್ಬೆರಳು ಹೋದರೆ ಕಾಯ್ದೆಯ ಗಾಯಗಳ ಪಟ್ಟಿಯ ಪ್ರಕಾರ ಗಳಿಕೆಯ ಶಕ್ತಿಯಲ್ಲಿ ಶೇ 30 ನಷ್ಟ. ಹಾಗಾಗಿ 4,97,259 ರೂಪಾಯಿ. ಒಂದು ಕಣ್ಣು ಹೋಗಿ ಇನ್ನೊಂದು ಸರಿ ಇದ್ದರೆ ಶೇ 40. ಸಾವಾದರೆ ಶೇ 60ರ ಬದಲು ಶೇ 50 ಹಿಡಿಯುತ್ತಾರೆ, ಅದೇ ವಯಸ್ಸಿಗೆ 13,81,275. ಗುಣಕ 30ನೇ ವಯಸ್ಸಿಗೆ 207.98, 50ಕ್ಕೆ 153.09. ಚಿಕ್ಕ ವಯಸ್ಸಿಗೆ ಜಾಸ್ತಿ, ಯಾಕಂದರೆ ಮುಂದೆ ದುಡಿಯುವ ವರ್ಷ ಜಾಸ್ತಿ.

ಪಟ್ಟಿಯಲ್ಲಿ ಇಲ್ಲದ ಗಾಯಗಳೇ ಹೆಚ್ಚು: ಸೊಂಟ, ಭುಜ, ಶ್ವಾಸಕೋಶ. ಅಲ್ಲಿ ಡಾಕ್ಟರ್ ಶೇಕಡಾವಾರು ಹೇಳಬೇಕು. ಅಂಗದ ಊನ ಬೇರೆ, ದುಡಿಮೆಯ ನಷ್ಟ ಬೇರೆ. 1970ರ ದಶಕದಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಬಡಗಿಯ ಕೇಸಿನಲ್ಲಿ, ಎಡಗೈ ಮೊಣಕೈಗಿಂತ ಮೇಲೆ ಹೋದವನು ಇನ್ನು ಬಡಗಿಯಾಗಿ ದುಡಿಯಲಾರ, ಹಾಗಾಗಿ ನಷ್ಟ ನೂರಕ್ಕೆ ನೂರು ಅಂದಿತ್ತು. ನಿಮ್ಮ ಕೇಸಿನಲ್ಲಿ ಎದುರು ಪಕ್ಷದವರು "ಇವರ ನೌಕರಿ, ಸಂಬಳ ಎರಡೂ ಇದೆಯಲ್ಲ" ಅನ್ನುತ್ತಾರೆ. ಆ ವಾದಕ್ಕೆ ತಯಾರಾಗಿಯೇ ಹೋಗಿ.

ಹೆಲ್ಮೆಟ್ ಹಾಕಿರಲಿಲ್ಲ ಅಂತ ರಿಪೋರ್ಟ್‌ನಲ್ಲಿ ಬರೆದಿದ್ದಾರೆ. ಎಲ್ಲ ಹೋಯ್ತಾ?

ಇಲ್ಲ. 1923ರ ಕಾಯ್ದೆಯಲ್ಲಿ ಪರಿಹಾರ ತಪ್ಪುವುದು ಮೂರು ಕಾರಣಕ್ಕೆ ಮಾತ್ರ: ಕುಡಿತ ಅಥವಾ ಮಾದಕ ವಸ್ತುವಿನ ಅಮಲು, ಸುರಕ್ಷತೆಯ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರುವುದು, ಸುರಕ್ಷತಾ ಸಾಧನವನ್ನು ಬೇಕೆಂದೇ ಕಿತ್ತುಹಾಕುವುದು. ಸಾವು ಅಥವಾ ಪೂರ್ಣ ಶಾಶ್ವತ ಊನ ಆಗಿದ್ದರೆ ಈ ಮೂರೂ ಅಡ್ಡ ಬರುವುದಿಲ್ಲ.

"ಬೇಕೆಂದೇ" ಅನ್ನುವುದು ಇಲ್ಲಿ ತೂಕದ ಮಾತು. ಅವಸರದಲ್ಲಿ ಹೆಲ್ಮೆಟ್ ಜಾರಿತ್ತು, ಕೊಟ್ಟದ್ದು ಹಳೆಯದಾಗಿ ಪಟ್ಟಿ ಹರಿದಿತ್ತು, ಐದು ಜನಕ್ಕೆ ಮೂರೇ ಇದ್ದವು, ಇವು ಯಾವುವೂ ಬೇಕೆಂದು ಮಾಡಿದ್ದಲ್ಲ. ಠಾಣೆಯ ಸ್ಟಾಕ್ ರಿಜಿಸ್ಟರ್‌ನಲ್ಲಿ ಎಷ್ಟು ಹೆಲ್ಮೆಟ್, ಎಷ್ಟು ಗ್ಲೌಸ್ ಇವೆ ಅನ್ನುವುದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ.

ನಾನು ಏಜೆನ್ಸಿ ಮೂಲಕ ಬಂದ ಡ್ರೈವರ್. ನಮಗೂ ಇದೆಲ್ಲ ಇದೆಯಾ?

ಕೆಸಿಎಸ್‌ಆರ್ ರಜೆ ಇಲ್ಲ. ಆದರೆ ಕೈ ಖಾಲಿ ಅಲ್ಲ. ಸಂಬಳ 21,000 ರೂಪಾಯಿಯೊಳಗೆ ಇದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಆಗುತ್ತಿದ್ದರೆ, ಕೆಲಸದ ಗಾಯಕ್ಕೆ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ. ಕೆಲಸ ಮಾಡಲಾಗದ ದಿನಗಳಿಗೆ ಸಂಬಳದ ಸುಮಾರು ಶೇ 90, ಜೊತೆಗೆ ಚಿಕಿತ್ಸೆ. ದಾವಣಗೆರೆಯಲ್ಲಿ ಇಎಸ್‌ಐ ಆಸ್ಪತ್ರೆಯೂ ಇದೆ. ಇಎಸ್‌ಐ ಇಲ್ಲದಿದ್ದರೆ ಪರಿಹಾರ ಕಾನೂನು. ಅಲ್ಲಿ ಏಜೆನ್ಸಿಯ ಜೊತೆ, ಕೆಲಸ ಮಾಡಿಸಿಕೊಂಡ ಇಲಾಖೆಯ ಮೇಲೂ ಕೇಸು ಹಾಕಬಹುದು.

ಏಜೆನ್ಸಿಯವರು ಸೇರುವಾಗ "ಏನಾದರೂ ನಾವು ಜವಾಬ್ದಾರರಲ್ಲ" ಅಂತ ಬರೆಸಿಕೊಂಡಿದ್ದರೆ ಹೆದರಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ.

## ದೊಡ್ಡ ಪೆಟ್ಟು, ದೊಡ್ಡ ಪ್ರಶ್ನೆ

ಇನ್ನು ಏಣಿ ಹತ್ತೋಕೆ ಆಗಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಮನೆಗೆ ಕಳಿಸಿಬಿಡ್ತಾರಾ?

ಕಳಿಸುವ ಹಾಗಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 20ನೇ ಕಲಂ ಹೇಳುವುದು ಇದನ್ನೇ: ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರನನ್ನು ಕೆಲಸದಿಂದ ತೆಗೆಯಬಾರದು, ದರ್ಜೆ ಇಳಿಸಬಾರದು. ಈಗಿನ ಹುದ್ದೆ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಹುದ್ದೆ ಖಾಲಿ ಇಲ್ಲದಿದ್ದರೆ, ಸಿಗುವ ತನಕ ಅಥವಾ ನಿವೃತ್ತಿಯ ತನಕ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು.

ಠಾಣೆಯಲ್ಲಿ ಇಂಥವರಿಗೆ ಬಾಯಿಮಾತಿನಲ್ಲಿ ವಾಚ್‌ರೂಮ್ ಡ್ಯೂಟಿ (ಠಾಣೆಯಲ್ಲೇ ಕೂತು ಕರೆ ಬರೆದುಕೊಳ್ಳುವ ಕೆಲಸ) ಕೊಟ್ಟುಬಿಡುತ್ತಾರೆ. ಕಾಳಜಿಯಿಂದಲೇ. ಆದರೆ ಠಾಣಾಧಿಕಾರಿ ವರ್ಗವಾಗಿ ಹೊಸಬರು ಬಂದ ದಿನ ಅದು ಮುಗಿಯಿತು. "ಫೈರ್‌ಮನ್ ಅಲ್ವಾ, ಗಾಡಿ ಹತ್ತು" ಅನ್ನುತ್ತಾರೆ. ಹಾಗಾಗಿ ಬರಹದಲ್ಲಿ ಆದೇಶ ಬೇಕು.

ಒಂದು ಎಚ್ಚರಿಕೆ. ಬೇಜಾರಿನಲ್ಲಿ, ಅಥವಾ ಯಾರೋ ಹೇಳಿದರು ಅಂತ, ಸ್ವಯಂ ನಿವೃತ್ತಿಯ ಅರ್ಜಿ ಕೊಡಬೇಡಿ. ಅಶಕ್ತತೆಯ ಪಿಂಚಣಿ, ಬೇರೆ ಹುದ್ದೆ, ಸ್ವಯಂ ನಿವೃತ್ತಿ, ಮೂರೂ ಬೇರೆ ಬೇರೆ ದಾರಿ. ಅಂಗವೈಕಲ್ಯದ ಪ್ರಮಾಣಪತ್ರ, ಅಂದರೆ ಯುಡಿಐಡಿ ಕಾರ್ಡು, ಮೊದಲು ಮಾಡಿಸಿ. ಆಮೇಲೆ ಕೂತು ಯೋಚಿಸಿ.

ಡ್ಯೂಟೀಲಿದ್ದಾಗಲೇ ಹಾರ್ಟ್ ಅಟ್ಯಾಕ್ ಆಯ್ತು. "ಅದು ಸಹಜ ಕಾಯಿಲೆ" ಅಂತಾರಲ್ಲ?

ಕಾಯಿಲೆ ಮೊದಲೇ ಇತ್ತು ಅನ್ನುವ ಒಂದೇ ಕಾರಣಕ್ಕೆ ಪರಿಹಾರ ತಪ್ಪುವುದಿಲ್ಲ. ಕೋರ್ಟ್ ಕೇಳುವುದು: ಆ ಕೆಲಸದ ಒತ್ತಡ ಅದನ್ನು ತಂದಿತೇ, ಇಲ್ಲವೇ ಬೇಗ ಬರುವಂತೆ ಮಾಡಿತೇ? 2013ರಲ್ಲಿ ಸುಪ್ರೀಂ ಕೋರ್ಟ್ ದೂರದ ಲಾರಿ ಓಡಿಸುತ್ತಿದ್ದ ಚಾಲಕರೊಬ್ಬರ ಹೃದಯಾಘಾತವನ್ನು ಕೆಲಸದಿಂದಾದ ಸಾವು ಅಂತ ಒಪ್ಪಿತು. ಹಾಗಂತ ಡ್ಯೂಟಿಯ ಹೊತ್ತಿನಲ್ಲಿ ಆಯಿತು ಅನ್ನುವುದೊಂದೇ ಸಾಲದು ಅಂದ ತೀರ್ಪುಗಳೂ ಇವೆ.

ಹಾಗಾಗಿ ಹಿಂದಿನ 24 ಗಂಟೆಯ ಲೆಕ್ಕ ಬೇಕು. ಎಷ್ಟು ಕಾಲ್, ಎಷ್ಟು ಹೊತ್ತು ನಿದ್ದೆ, ಬಿಸಿಲು ಎಷ್ಟಿತ್ತು, ಬಿ.ಎ. ಸೆಟ್ ಹೊತ್ತು ಎಷ್ಟು ಮಹಡಿ ಹತ್ತಿದರು. ಮಾರ್ಚ್ ತಿಂಗಳಲ್ಲಿ ಚಳ್ಳಕೆರೆ ಕಡೆ ಒಂದೇ ಹಗಲಿನಲ್ಲಿ ಮೇಲಿಂದ ಮೇಲೆ ಬಣವೆ ಕಾಲ್ ಬಂದಿದ್ದರೆ ಅದು ಆ ದಿನದ ಡೈರಿಯಲ್ಲಿ ಇರುತ್ತದೆ. ನಕಲು ತೆಗೆಸಿಟ್ಟುಕೊಳ್ಳಿ.

ನಮ್ಮ ಯಜಮಾನರು ಬೆಂಕೀಲಿ ಹೋಗಿಬಿಟ್ಟರು. ಯಾರ್ಯಾರೋ ಏನೇನೋ ಫಾರಂ ತರ್ತಿದ್ದಾರೆ. ನಾನು ಯಾವುದಕ್ಕೆ ಸೈನ್ ಹಾಕಲಿ ಅಣ್ಣಾ?

ಮೊದಲ ವಾರ ಯಾವುದಕ್ಕೂ ಅವಸರ ಇಲ್ಲಮ್ಮ. ಖಾಲಿ ಹಾಳೆಗೆ, ಖಾಲಿ ಫಾರಂಗೆ ಸೈನ್ ಹಾಕಲೇಬೇಡಿ. ತಮ್ಮನೋ ಮಗನೋ ಓದಬಲ್ಲ ಒಬ್ಬರು ಜೊತೆಗಿರಲಿ. ಮರಣ ಪ್ರಮಾಣಪತ್ರದ ಹತ್ತು ಪ್ರತಿ ಒಮ್ಮೆಗೇ ತೆಗೆಸಿ. ಮರಣೋತ್ತರ ಪರೀಕ್ಷೆಯ ವರದಿ, ಎಫ್‌ಐಆರ್ ನಕಲು, ಠಾಣೆಯ ವರದಿಯ ನಕಲು ಒಂದೇ ಕವರಿನಲ್ಲಿ ಇಡಿ.

ಬರಬೇಕಾದದ್ದು ಒಂದೇ ಕಡೆಯಿಂದ ಬರುವುದಿಲ್ಲ. ಸರ್ಕಾರದ ಆದೇಶದ ಪ್ರಕಾರದ ಅನುಗ್ರಹ ಧನ ಇಲಾಖೆಯಿಂದ. ಕೆಜಿಐಡಿ ಪಾಲಿಸಿ ಮತ್ತು ಗುಂಪು ವಿಮೆಯ ಹಣ ಬೇರೆ. ಉಪದಾನ (ಗ್ರ್ಯಾಚುಟಿ) ಬೇರೆ. ಕುಟುಂಬ ಪಿಂಚಣಿ ಬೇರೆ. ಕರ್ತವ್ಯದಲ್ಲಿ ಆದ ಸಾವಿಗೆ ಅಸಾಧಾರಣ ಪಿಂಚಣಿಯನ್ನೂ ಕೇಳಬೇಕು, ನೀವಾಗಿ ಕೇಳದಿದ್ದರೆ ಮಾಮೂಲಿ ಪಿಂಚಣಿ ಮಾಡಿ ಫೈಲು ಮುಚ್ಚುತ್ತಾರೆ. 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇರಿದವರು ಎನ್‌ಪಿಎಸ್‌ನವರು, ಅಂದರೆ ಹೊಸ ಪಿಂಚಣಿ ಯೋಜನೆಯವರು. ಅವರ ಕುಟುಂಬಕ್ಕೂ ಸೇವೆಯಲ್ಲಿದ್ದಾಗಿನ ಸಾವಿಗೆ ಕುಟುಂಬ ಪಿಂಚಣಿಯ ದಾರಿ ಇದೆ. ಎನ್‌ಪಿಎಸ್ ಹಣವನ್ನು ಪೂರ್ತಿ ಹಿಂಪಡೆಯುವ ಫಾರಂಗೆ ಸೈನ್ ಹಾಕುವ ಮೊದಲು ಇದನ್ನು ವಿಚಾರಿಸಿ.

ಸಂಬಳದ ಖಾತೆ ಇದ್ದ ಬ್ಯಾಂಕಿಗೆ ಹೋಗಿ. ಸ್ಯಾಲರಿ ಪ್ಯಾಕೇಜ್ ಖಾತೆಯಲ್ಲಿ ಅಪಘಾತ ವಿಮೆ ಇರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಪಾಸ್‌ಬುಕ್‌ನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತ ಕಂಡರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, 2 ಲಕ್ಷ. 436 ರೂಪಾಯಿ ಕಂಡರೆ ಜೀವನ್ ಜ್ಯೋತಿ, ಇನ್ನೂ 2 ಲಕ್ಷ. ಇವುಗಳ ಗಡುವು ಚಿಕ್ಕದು, ಮೊದಲು ಬ್ಯಾಂಕಿನ ಕೆಲಸ ಮುಗಿಸಿ.

ಅನುಕಂಪದ ನೌಕರಿಗೆ 1996ರ ನಿಯಮಗಳ ಪ್ರಕಾರ ಸಾವಿನ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಮಗ ಡಿಗ್ರಿ ಮುಗಿಸಲಿ ಅಂತ ಕಾದು ಅವಕಾಶ ಕಳೆದುಕೊಂಡ ಮನೆಗಳಿವೆ.

ಪರಿಹಾರದ ದುಡ್ಡು ಸೊಸೆ ಒಬ್ಬಳಿಗೇನಾ? ಹೆತ್ತ ತಾಯಿ ನಾನು, ನನಗೇನೂ ಇಲ್ವಾ?

1923ರ ಕಾಯ್ದೆಯ ಹಣದಲ್ಲಿ ಇದೆ. ಹೆಂಡತಿ, ಅಪ್ರಾಪ್ತ ಮಗ, ಮದುವೆಯಾಗದ ಮಗಳು, ವಿಧವೆ ತಾಯಿ, ಇವರು ನೇರ ಅವಲಂಬಿತರು. ತಂದೆ ಇದ್ದರೆ, ಅಥವಾ ತಾಯಿ ವಿಧವೆಯಲ್ಲದಿದ್ದರೆ, ಮಗನ ದುಡಿಮೆಯ ಮೇಲೆ ಅಲ್ಪಸ್ವಲ್ಪವಾದರೂ ನಿಂತಿದ್ದೆವು ಅಂತ ತೋರಿಸಬೇಕು. ಸಾವಿನ ಪರಿಹಾರವನ್ನು ಮಾಲೀಕರು ಮನೆಗೆ ತಂದು ಕೊಡುವಂತಿಲ್ಲ, ಪರಿಹಾರ ಆಯುಕ್ತರ ಮುಂದೆ ಠೇವಣಿ ಇಡಬೇಕು. ಯಾರಿಗೆ ಎಷ್ಟು ಅಂತ ಹಂಚುವುದು ಅಲ್ಲಿ. ಈ ಹಣವನ್ನು ಸಾಲಗಾರರು ಜಪ್ತಿ ಮಾಡಿಸುವಂತಿಲ್ಲ.

ಆದರೆ ಕುಟುಂಬ ಪಿಂಚಣಿ ಮೊದಲು ಹೆಂಡತಿಗೆ. ಎರಡನ್ನೂ ಬೆರೆಸಿ ಜಗಳ ಮಾಡಿಕೊಳ್ಳಬೇಡಿ.

ಠಾಣಾಧಿಕಾರಿಯಾಗಿ ನನ್ನ ಮೇಲೆ ಏನು ಜವಾಬ್ದಾರಿ ಇದೆ? ಕಾಗದ ಮೇಲಕ್ಕೆ ಕಳಿಸಿದರೆ ಮುಗೀತಲ್ವಾ?

ಮುಗಿಯುವುದಿಲ್ಲ. ಸಾವು ಅಥವಾ ಗಂಭೀರ ಗಾಯವಾದರೆ ಏಳು ದಿನದಲ್ಲಿ ಪರಿಹಾರ ಆಯುಕ್ತರಿಗೆ ವರದಿ ಮಾಡಬೇಕು ಅಂತ 1923ರ ಕಾಯ್ದೆಯಲ್ಲೇ ಇತ್ತು. ಕೈಕಾಲು ಮುರಿದರೆ, ಅಥವಾ 20 ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಬರಲಾಗದಿದ್ದರೆ ಅದು ಗಂಭೀರ ಗಾಯವೇ. ಹಣ ತಡವಾದರೆ ಶೇ 12 ಬಡ್ಡಿ, ಕಾರಣವಿಲ್ಲದ ತಡಕ್ಕೆ ಶೇ 50ರವರೆಗೆ ದಂಡ. ಮೇಲಕ್ಕೆ ಕಳಿಸುವ ಪತ್ರದಲ್ಲಿ "ಮುಂದಿನ ಕ್ರಮಕ್ಕಾಗಿ" ಅಂತಷ್ಟೇ ಬರೆಯಬೇಡಿ ಸರ್. ಗಾಯ ಕರ್ತವ್ಯದಲ್ಲೇ ಆಯಿತು ಅಂತ ನಿಮ್ಮ ಅಭಿಪ್ರಾಯ ಬರೆಯಿರಿ. ಅಲ್ಲಿ ನಿಂತು ನೋಡಿದವರು ನೀವು, ಬೆಂಗಳೂರಿನವರಲ್ಲ.

ರಜೆ ಆಗಲ್ಲ ಅಂತ ಹಿಂಬರಹ ಕೊಟ್ಟಿದ್ದಾರೆ. ಘಟನೆ ಆಗಿ ಎರಡು ವರ್ಷ ಆಗ್ತಾ ಬಂತು. ಇನ್ನು ದಾರಿ ಇದೆಯಾ?

ರಜೆಯದ್ದು ಸೇವಾ ವಿಷಯ. ಹಿಂಬರಹ ಬಂದ ಒಂದು ವರ್ಷದೊಳಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಹಿಂಬರಹವನ್ನೇ ಕೊಡದೆ ಸತಾಯಿಸುತ್ತಿದ್ದರೆ, ಮನವಿ ಕೊಟ್ಟು ಆರು ತಿಂಗಳು ಕಾದ ಮೇಲೆ ಆ ಒಂದು ವರ್ಷ ಶುರು. ಕಾರಣ ಬರೆಯದೆ "ನಿಯಮದಲ್ಲಿ ಅವಕಾಶವಿಲ್ಲ" ಅಂದಿದ್ದರೆ ನಿಮ್ಮ ಕೇಸು ಗಟ್ಟಿ.

ಪರಿಹಾರದ್ದು ಬೇರೆ. 1923ರ ಕಾಯ್ದೆಯಲ್ಲಿ ಅರ್ಜಿಗೆ ಎರಡು ವರ್ಷ. ಅಪಘಾತ ಯಾವುದೇ ಕಾನೂನಿನಡಿ ಬರಲಿ, ಎರಡು ವರ್ಷವನ್ನೇ ಕೊನೆಯ ಗಡುವು ಅಂತ ಇಟ್ಟುಕೊಂಡರೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ದಾಟಿದ್ದರೂ ಸರಿಯಾದ ಕಾರಣ ತೋರಿಸಿದರೆ ತಡವನ್ನು ಮನ್ನಿಸುವ ಅವಕಾಶ ಇದೆ. ಆಸ್ಪತ್ರೆಯಲ್ಲಿದ್ದೆ, ಇಲಾಖೆಯೇ "ಕೊಡುತ್ತೇವೆ, ಕಾಯಿ" ಅಂತ ಪತ್ರ ಬರೆದಿತ್ತು, ಇಂಥವು. ವಕೀಲರ ಫೀಜು ಭಾರವಾದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಅಲ್ಲಿ ವಕೀಲರನ್ನು ಕೊಡುತ್ತಾರೆ. ಹೋಗುವಾಗ ಡೈರಿಯ ನಕಲು, ಎಂಎಲ್‌ಸಿ, ಹಿಂಬರಹ, ಮೂರನ್ನೂ ಜೆರಾಕ್ಸ್ ಮಾಡಿಸಿಕೊಂಡು ಹೋಗಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ.